ಚಾಣದ ಮೊಟ್ಟೆ ಒಡೆದದ್ದೇಕೆ?

ಬೆಳೆಗೆ ಸಿಂಪಡಿಸಿದ ಕೀಟನಾಶಕದ ಪರಿಣಾಮ ಕೀಟದೊಂದಿಗೇ ಮುಗಿಯುವುದಿಲ್ಲ. ಅದು ಎಷ್ಟು ದೂರ ಸಾಗಬಲ್ಲದೆಂಬುದನ್ನು ಪೆರಿಗ್ರಿನ್ ಚಾಣ ಎಂಬ ಬೇಟೆಹಕ್ಕಿ ತೋರಿಸಿಕೊಟ್ಟಿತು. ಒಂದು ಕಾಳನ್ನೂ ತಿನ್ನದ ಈ ಹಕ್ಕಿಯ ವಿಷಯ ರೈತರು ತಿಳಿದಿರಬೇಕಾದುದು.

ಹಕ್ಕಿಯ ಪರಿಚಯ

ಪೆರಿಗ್ರಿನ್ ಚಾಣ ಕಾಗೆಯಷ್ಟು ಗಾತ್ರದ ಹಕ್ಕಿ. ಹೆಣ್ಣು ಗಂಡಿಗಿಂತ ದೊಡ್ಡದು. ಪಾರಿವಾಳ, ಬಾತು ಮೊದಲಾದ ಹಕ್ಕಿಗಳೇ ಇದರ ಮುಖ್ಯ ಆಹಾರ. ಎತ್ತರದಲ್ಲಿ ಹಾರುತ್ತಾ ರೆಕ್ಕೆ ಮಡಿಚಿ, ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬೇಟೆಯ ಮೇಲೆ ಎರಗುತ್ತದೆ. ಇದು ಕಡ್ಡಿಗಳಿಂದ ಗೂಡು ಕಟ್ಟುವುದಿಲ್ಲ. ಕಡಿದಾದ ಬಂಡೆಯ ಅಂಚಿನಲ್ಲಿ ಮಣ್ಣು ಕೆದರಿ ಸಾಮಾನ್ಯವಾಗಿ 3-4 ಮೊಟ್ಟೆ ಇಡುತ್ತದೆ. ಕಾವಿನ ಅವಧಿ ಸುಮಾರು ಒಂದು ತಿಂಗಳು. ಮರಿಗಳು ಆರು ವಾರಗಳಲ್ಲಿ ಹಾರುತ್ತವೆ. ನಮ್ಮ ದೇಶದ ಬಂಡೆಬೆಟ್ಟಗಳಲ್ಲಿ ನೆಲೆಸಿರುವ ಶಾಹೀನ್ ಇದರದೇ ಒಂದು ಉಪಜಾತಿ. ಚಳಿಗಾಲದಲ್ಲಿ ಉತ್ತರದ ಶೀತದೇಶಗಳಿಂದ ಬೇರೊಂದು ಉಪಜಾತಿ ವಲಸೆ ಬರುತ್ತದೆ.

ದೂರಿನಿಂದ ಹೊರಬಿದ್ದ ಸತ್ಯ

ಚಾಣಗಳು ಹೆಚ್ಚಾಗಿ ತಮ್ಮ ಪಾರಿವಾಳಗಳನ್ನು ತಿನ್ನುತ್ತಿವೆಯೆಂದು ಬ್ರಿಟನ್ನಿನ ಪಂದ್ಯದ ಪಾರಿವಾಳ ಸಾಕುವವರು 1960ರಲ್ಲಿ ಸರ್ಕಾರಕ್ಕೆ ದೂರಿತ್ತರು. 1961-62ರಲ್ಲಿ ವಿಜ್ಞಾನಿ ಡೆರೆಕ್ ರ್ಯಾಟ್‌ಕ್ಲಿಫ್ ಗಣತಿ ನಡೆಸಿದಾಗ ತಿಳಿದುಬಂದುದೇ ಬೇರೆ: ಚಾಣಗಳು ಹೆಚ್ಚಿರಲಿಲ್ಲ, ವೇಗವಾಗಿ ಅಳಿಯುತ್ತಿದ್ದವು. ಡೀಲ್ಡ್ರಿನ್ ಲೇಪಿಸಿದ ಬಿತ್ತನೆ ಬೀಜವನ್ನು ಪಾರಿವಾಳಗಳು ತಿನ್ನುತ್ತಿದ್ದವು. ಅಂಥ ಪಾರಿವಾಳಗಳನ್ನು ತಿಂದು ಚಾಣಗಳು ಸಾಯುತ್ತಿದ್ದವು.

ಡಿಡಿಟಿಯ ಹಾವಳಿ ಇನ್ನೊಂದು ಬಗೆಯದು. ಅದು ಬೇಗ ಕರಗಿಹೋಗದೆ ಪ್ರಾಣಿಗಳ ಕೊಬ್ಬಿನಲ್ಲಿ ಉಳಿಯುತ್ತದೆ. ಕೀಟದಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಚಾಣಕ್ಕೆ ಸಾಗಿದಂತೆ ಅದರ ಪ್ರಮಾಣ ಏರುತ್ತಾ ಹೋಗುತ್ತದೆ. ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆಗಳೊಂದಿಗೆ ಹೋಲಿಸಿ, 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗಿದೆಯೆಂದು ರ್ಯಾಟ್‌ಕ್ಲಿಫ್ 1967ರಲ್ಲಿ ಪ್ರಕಟಿಸಿದರು. ತೆಳುಚಿಪ್ಪಿನ ಮೊಟ್ಟೆಯಿಂದಾಗುವ ನಷ್ಟ ಕೋಳಿ ಸಾಕುವವರಿಗೆ ಗೊತ್ತು. ಆದರೆ ಇಲ್ಲಿ ಆಹಾರದಲ್ಲಿ ಸುಣ್ಣದ ಕೊರತೆಯಿರಲಿಲ್ಲ; ಇದ್ದ ಸುಣ್ಣ ಚಿಪ್ಪಿಗೆ ಸೇರದಂತೆ ಡಿಡಿಟಿಯಿಂದ ಉಂಟಾಗುವ ಡಿಡಿಇ ತಡೆಯುತ್ತಿತ್ತು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆಗಳು ಒಡೆಯುತ್ತಿದ್ದವು.

ನಗರದಲ್ಲಿ ನೆಲೆ

ಅಮೆರಿಕದ ಪೂರ್ವಭಾಗದಲ್ಲಿ 1960ರ ದಶಕದ ಮಧ್ಯದ ವೇಳೆಗೆ ಮರಿಮಾಡುವ ಚಾಣಗಳೇ ಉಳಿಯಲಿಲ್ಲ. ಆ ದೇಶ 1972ರಲ್ಲಿ ಡಿಡಿಟಿ ಬಳಕೆಯನ್ನು ನಿಷೇಧಿಸಿತು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಕೇಡ್ ಮತ್ತು ಸಂಗಡಿಗರು ಚಾಣಗಳನ್ನು ಸಾಕಿ, ಮರಿಮಾಡಿಸಿ, ಹೊರಗೆ ಬಿಟ್ಟರು. ಅವುಗಳಲ್ಲಿ ಕೆಲವು ನಗರ ಸೇರಿದವು. ಎತ್ತರದ ಕಟ್ಟಡವೂ ಸೇತುವೆಯೂ ಅವಕ್ಕೆ ಬಂಡೆಯಂತೆಯೇ. ಪಾರಿವಾಳಗಳಿಗಂತೂ ಅಲ್ಲಿ ಬರವಿಲ್ಲ. ಮೊಟ್ಟೆ ಉರುಳದಂತೆ ಸಣ್ಣ ಜಲ್ಲಿ ಹಾಸಿದ ಪೆಟ್ಟಿಗೆಗಳನ್ನೂ ಜನ ಇಟ್ಟರು. ನ್ಯೂಯಾರ್ಕಿನಲ್ಲಿ ಇಂದೂ ಚಾಣಗಳು ಮರಿಮಾಡುತ್ತಿವೆ. 1999ರಲ್ಲಿ ಈ ಹಕ್ಕಿಯನ್ನು ಆ ದೇಶದ ಅಪಾಯದಂಚಿನ ಪಟ್ಟಿಯಿಂದ ಕೈಬಿಡಲಾಯಿತು.

ರೈತರು ಗಮನಿಸಬೇಕಾದ ಅಂಶಗಳು

1. ಭಾರತದಲ್ಲಿ 1989ರಿಂದ ಬೇಸಾಯದಲ್ಲಿ ಡಿಡಿಟಿ ಬಳಕೆಗೆ ನಿಷೇಧವಿದೆ. ನಿಷೇಧಿತ ಔಷಧಿಗಳನ್ನು ಕೊಳ್ಳಬಾರದು.

2. ಬೀಜೋಪಚಾರ ಮಾಡಿದ ಬೀಜ ಮಣ್ಣಿನ ಮೇಲೆ ಉಳಿಯದಂತೆ ಮುಚ್ಚಬೇಕು. ಮಿಕ್ಕ ಬೀಜವನ್ನು ಕೋಳಿಗಳಿಗೆ ಹಾಕಬಾರದು.

3. ವಾರಕ್ಕೊಮ್ಮೆ ಎಂದು ಸಿಂಪಡಿಸದೆ, ಕೀಟಗಳ ಸಂಖ್ಯೆ ಆರ್ಥಿಕ ನಷ್ಟದ ಮಟ್ಟಕ್ಕೆ ಬಂದಾಗ ಮಾತ್ರ, ಶಿಫಾರಸು ಮಾಡಿದ ಪ್ರಮಾಣದಲ್ಲಿ ಸಿಂಪಡಿಸಬೇಕು.

4. ಸಿಂಪರಣಾ ಯಂತ್ರವನ್ನು ಕೆರೆ, ಹಳ್ಳಗಳಲ್ಲಿ ತೊಳೆಯಬಾರದು.

ವಿಷ ನಿಂತ ಮೇಲೆ ಚಾಣ ಮರಳಿತು. ಅದರ ಮೊಟ್ಟೆಗೆ ತಟ್ಟಿದ ವಿಷ ಹೊರಟದ್ದು ಹೊಲದಿಂದ. ಅದನ್ನು ತಡೆಯುವ ಕೆಲಸವೂ ಹೊಲದಲ್ಲಿಯೇ ಆಗಬೇಕು.