ಸಜ್ಜೆಯ ಬಿತ್ತನೆ ಬೀಜಕ್ಕೆ ಉಪ್ಪುನೀರಿನ ಶೋಧನೆ

ಪದಾರ್ಥಗಳು ರಾಸಾಯನಿಕವಾಗಿ ಕೂಡದೆ ಬರಿಯ ಮಿಶ್ರಣವಾಗಿದ್ದರೆ, ಅವುಗಳ ಗುಣಭೇದವನ್ನು ಹಿಡಿದು ಬೇರ್ಪಡಿಸಬಹುದು. ಗಾತ್ರಭೇದಕ್ಕೆ ಜರಡಿಯೂ, ಹಗುರವಾದ ಹೊಟ್ಟಿಗೆ ತೂರುವಿಕೆಯೂ ರೈತರಿಗೆ ತಿಳಿದವೇ ಆಗಿವೆ.

ಎರ್ಗಟ್ ರೋಗ ತಗುಲಿದ ಸಜ್ಜೆಯ ತೆನೆಯಿಂದ ಮೊದಲು ಜೇನಿನಂತಹ ಅಂಟು ಒಸರಿ, ಬಳಿಕ ಕಾಳಿನ ಸ್ಥಾನದಲ್ಲಿ ಕಪ್ಪು ಗಂಟುಗಳು ಬೆಳೆಯುವುವು. ಇವು ತಿಂದವರಿಗೆ ವಾಂತಿ, ತಲೆಸುತ್ತುಗಳನ್ನು ತರುವ ವಿಷ. ಬಿತ್ತನೆಯಲ್ಲಿ ಬೆರೆತರೆ ಮುಂದಿನ ಬೆಳೆಗೂ ರೋಗ. ಹಲವು ಗಂಟುಗಳು ಗಾತ್ರದಲ್ಲಿ ಕಾಳನ್ನೇ ಹೋಲುವುದರಿಂದ ಜರಡಿಯೊಂದೇ ಸಾಲದು. ಆದರೆ ಇವುಗಳ ಸಾಂದ್ರತೆ ಗಟ್ಟಿಕಾಳಿಗಿಂತ ಕಡಿಮೆ. ಉಪ್ಪು ಕರಗಿದಂತೆ ನೀರಿನ ಸಾಂದ್ರತೆ ಹೆಚ್ಚುವುದು. ಆಗ ಗಂಟು ತೇಲುವುದು, ಕಾಳು ಮುಳುಗುವುದು.

10 ಲೀಟರು ನೀರಿನಲ್ಲಿ 2 ಕಿಲೋಗ್ರಾಂ ಉಪ್ಪನ್ನು ಕರಗಿಸಿ, ಬೀಜವನ್ನು ಸ್ವಲ್ಪಸ್ವಲ್ಪವಾಗಿ ಸುರಿದು ಕಲಕತಕ್ಕದ್ದು. ತೇಲಿದುದನ್ನೆಲ್ಲ ತೆಗೆದು ಸುಡಬೇಕು, ದನಗಳಿಗೆ ಹಾಕಕೂಡದು. ಮುಳುಗಿದ ಬೀಜವನ್ನು ಕೂಡಲೆ ಶುದ್ಧಜಲದಲ್ಲಿ 3–4 ಸಲ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಉಪ್ಪು ಉಳಿದರೆ ಮೊಳಕೆ ಕುಂದುವುದು.

ಉಳಿದ ಉಪ್ಪುನೀರನ್ನು ಹೊಲಕ್ಕೆ ಚೆಲ್ಲಬಾರದು. ಅದನ್ನು ಸೋಸಿ, ಅಗಲವಾದ ಪಾತ್ರೆಯಲ್ಲಿ ಬಿಸಿಲಿಗಿಟ್ಟರೆ ನೀರು ಆವಿಯಾಗಿ ಉಪ್ಪು ಮರಳಿ ದೊರೆಯುವುದು. ಅದನ್ನು ಅಡಿಗೆಗೆ ಬಳಸದೆ ಮುಂದಿನ ವರ್ಷದ ಶೋಧನೆಗಾಗಿ ಬೇರೆ ಇಡತಕ್ಕದ್ದು.