ಗಾಲಿಕುರ್ಚಿಯೂ ಮೂರು ಮೆಟ್ಟಿಲೂ

ನಡೆಯಲಾರದೆ ಗಾಲಿಕುರ್ಚಿಯಲ್ಲಿ ಕುಳಿತು ಬರುವ ತರುಣನನ್ನು ಕಂಡರೆ ನಮ್ಮ ಮಂದಿಯ ಮನಸ್ಸಿನಲ್ಲಿ ಏಳುವ ಭಾವಗಳು ಬಹುತೇಕ ಎರಡೇ. ಒಂದು 'ಅಯ್ಯೋ ಪಾಪ' ಎಂಬ ಮರುಕ. ಇನ್ನೊಂದು, ಅವನು ಪದಕ ಗೆದ್ದು ಬಂದರೆ ಹಾರ ಹಾಕುವ ಬೆರಗು. ಶೈಶವದಲ್ಲಿಯೇ ಪೋಲಿಯೊಕ್ಕೆ ತುತ್ತಾದ ಬೆಂಗಳೂರಿನ ಮಾಲತಿ ಹೊಳ್ಳ ಅವರಿಗೆ ಕ್ರೀಡೆಗಾಗಿ 1995ರಲ್ಲಿ ಅರ್ಜುನ ಪ್ರಶಸ್ತಿಯೂ 2001ರಲ್ಲಿ ಪದ್ಮಶ್ರೀಯೂ ಬಂದವು, ಹೆಮ್ಮೆಪಡತಕ್ಕ ಸಂಗತಿಯೇ. ಆದರೆ ಪದಕವನ್ನು ಬಯಸದೆ, ಭಿಕ್ಷೆಯನ್ನು ಬೇಡದೆ, ಎಲ್ಲರಂತೆ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋಗಿ ಸಂಜೆ ಬಂದು ಪತ್ರಿಕೆ ಓದಬೇಕೆನ್ನುವವನ ಗತಿಯೇನು? ಈ ಪಾಠ ಅಂಥವನನ್ನು ಕುರಿತದ್ದು.

ಪೂರ್ವಜನ್ಮದ ಕರ್ಮವೆಂದು ಹೇಳಿ ಕೈತೊಳೆದುಕೊಳ್ಳುವವರು ಈಗಲೂ ಇದ್ದಾರೆ. ಅವರೊಡನೆ ವಾದ ಬೇಡ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಅಂಗವೈಕಲ್ಯವುಳ್ಳವರು 2 ಕೋಟಿ 68 ಲಕ್ಷ. ಅವರಲ್ಲಿ ಚಲನೆಯ ತೊಂದರೆಯುಳ್ಳವರು 54 ಲಕ್ಷ. 2014ರ ಮಾರ್ಚಿಯಲ್ಲಿ ಭಾರತವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ಹಾಗೆಂದು ಗಾಲಿಕುರ್ಚಿಯ ಅಗತ್ಯ ತೀರಲಿಲ್ಲ. ರಸ್ತೆಯ ಅಪಘಾತ, ಕಟ್ಟಡದ ಸಾರುವೆಯಿಂದಲೋ ಓಡುವ ಗಾಡಿಯಿಂದಲೋ ಬಿದ್ದು ಬೆನ್ನುಹುರಿಗೆ ಆಗುವ ಪೆಟ್ಟು, ಹುಟ್ಟಿನಿಂದ ಬರುವ ದೋಷ, ಇವು ಇದ್ದೇ ಇವೆ. ದುಡಿಯುವ ಮಂದಿಗೆ ಇದು ದೂರದ ಮಾತಲ್ಲ.

ನಮ್ಮ ಪಕ್ಕದ ಚಾಳಿನಲ್ಲಿ 22 ವರುಷದ ಹುಡುಗನೊಬ್ಬನಿದ್ದಾನೆ. ಬಿ.ಕಾಂ. ಮುಗಿಸಿದ್ದಾನೆ, ಲೆಕ್ಕದಲ್ಲಿ ಜಾಣ. ಅವನು ತಮ್ಮನೊಡನೆ ಅಂಗಡಿಗೆ ಹೋದರೆ ಅಂಗಡಿಯವನು ತಮ್ಮನ ಮುಖ ನೋಡಿ "ಅಣ್ಣನಿಗೆ ಏನು ಬೇಕಂತೆ?" ಎಂದು ಕೇಳುತ್ತಾನೆ. ರೊಕ್ಕ ಅಣ್ಣನ ಕೈಯಲ್ಲಿಯೇ ಇರುತ್ತದೆ! ಸ್ಟೇಷನ್ನಿನ ಬಳಿ ತಮ್ಮ ಟಿಕೆಟ್ ತರಲು ಹೋದಾಗ ಯಾರೋ ಪುಣ್ಯಾತ್ಮರು ಇವನ ತೊಡೆಯ ಮೇಲೆ ಐದು ರೂಪಾಯಿ ನಾಣ್ಯ ಇಟ್ಟು ಕೈಮುಗಿದು ಹೋದರು. ಇದನ್ನು ಅವನು ನಗುತ್ತಲೇ ಹೇಳುತ್ತಾನೆ. ನಗದೆ ಹೇಳಿದ್ದು ಮತ್ತೊಂದು. ಗುಮಾಸ್ತನ ಕೆಲಸಕ್ಕೆ ಸಂದರ್ಶನದ ಪತ್ರ ಬಂತು. ಆಫೀಸು ಎರಡನೆಯ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಕೆಳಗೆ ಬಂದು ಎರಡು ಮಾತು ಕೇಳಿರೆಂದು ಜವಾನನ ಕೈಯಲ್ಲಿ ಚೀಟಿ ಕಳಿಸಿದ. ಮೇಲಿನವರು ಇಳಿದು ಬರಲಿಲ್ಲ, ಚೀಟಿಯೂ ಮರಳಲಿಲ್ಲ. ಅವನ ಲೆಕ್ಕದ ಜಾಣತನವನ್ನು ಪರೀಕ್ಷಿಸಿದವರು ಯಾರು? ಮೆಟ್ಟಿಲು ಪರೀಕ್ಷಿಸಿತು, ಮೆಟ್ಟಿಲೇ ನಪಾಸು ಮಾಡಿತು.

ತೊಡಕು ಕಾಲಿನಲ್ಲಿದೆಯೋ ಮೆಟ್ಟಿಲಿನಲ್ಲಿದೆಯೋ ಎಂಬ ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ಬಲವಾಗಿ ಇಟ್ಟವರಲ್ಲಿ ಅಮೆರಿಕದ ಎಡ್ ರಾಬರ್ಟ್ಸ್ ಒಬ್ಬರು. 1953ರಲ್ಲಿ, 14ನೆಯ ವಯಸ್ಸಿನಲ್ಲಿ, ಪೋಲಿಯೊ ತಗಲಿ ಕತ್ತಿನಿಂದ ಕೆಳಗೆ ಬಹುಮಟ್ಟಿಗೆ ಚಲನೆ ಹೋಯಿತು. ರಾತ್ರಿ ಉಸಿರಾಟಕ್ಕೆ ದೊಡ್ಡ ಪೀಪಾಯಿಯಂಥ ಕಬ್ಬಿಣದ ಯಂತ್ರದೊಳಗೆ ಮಲಗಬೇಕು. ವ್ಯಾಯಾಮದ ಪಾಠವನ್ನೂ ಮೋಟಾರು ನಡೆಸುವ ಪಾಠವನ್ನೂ ಮುಗಿಸಿಲ್ಲವೆಂದು ಶಾಲೆಯವರು ಪ್ರಮಾಣಪತ್ರವನ್ನೇ ತಡೆಯಹೊರಟರು! ತಾಯಿಯೂ ಮಗನೂ ಹೋರಾಡಿ ಅದನ್ನು ಪಡೆದರು. ಅವನೆಂದೂ ದುಡಿಯಲಾರನೆಂದು ಹೇಳಿ ಕ್ಯಾಲಿಫೋರ್ನಿಯಾ ಸಂಸ್ಥಾನದ ಪುನರ್ವಸತಿ ಇಲಾಖೆ ಓದಿನ ಖರ್ಚು ಕೊಡಲು ಒಪ್ಪಲಿಲ್ಲ. ಅದಕ್ಕೂ ಹೋರಾಟ. 1962ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾನಿಲಯ ಸೇರಿ, ಅಲ್ಲಿಯ ಆಸ್ಪತ್ರೆಯ ಕೋಣೆಯನ್ನೇ ವಸತಿ ಮಾಡಿಕೊಂಡು ಓದಿದರು. 1975ರಲ್ಲಿ ಅದೇ ಇಲಾಖೆಗೆ ಅವರನ್ನೇ ಮುಖ್ಯಸ್ಥರನ್ನಾಗಿ ನೇಮಿಸಲಾಯಿತು. ಅವರೂ ಸಂಗಡಿಗರೂ ಪಟ್ಟುಹಿಡಿದುದರಿಂದ 1970ರ ದಶಕದಲ್ಲಿ ಬರ್ಕ್‌ಲಿಯ ಫುಟ್‌ಪಾಥುಗಳ ಅಂಚನ್ನು ಕಡಿದು ಇಳಿಜಾರು ಮಾಡಿದರು. ಇಂಥ ಇಳಿಜಾರಿನ ಲಾಭ ಗಾಲಿಕುರ್ಚಿಯವರಿಗೆ ಮಾತ್ರವಲ್ಲ, ಕೂಸಿನ ಗಾಡಿ ತಳ್ಳುವ ತಾಯಿಗೂ ಸಾಮಾನು ಎಳೆಯುವ ಹಮಾಲನಿಗೂ ಸಿಕ್ಕುತ್ತದೆ. ಮುಂಬಯಿಯಲ್ಲಿ ಡಬ್ಬಾ ಗಾಡಿ ಎಳೆಯುವವರನ್ನು ಕೇಳಿದರೆ ಅವರೂ ಹೌದೆಂದಾರು.

ನಮ್ಮಲ್ಲಿ ಮೊದಲ ಕಾಯಿದೆ 1995ರಲ್ಲಿ ಆಯಿತು. ಅದರ ಸ್ಥಾನದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಬಂದಿದೆ. ಸರ್ಕಾರಿ ನೌಕರಿಯಲ್ಲಿ ನೂರಕ್ಕೆ 4ರಂತೆ ಮೀಸಲಾತಿ ಇದರಲ್ಲಿದೆ. ವಾಚಕರು ಗಮನಿಸತಕ್ಕ ಅಂಶ ಇನ್ನೊಂದಿದೆ: 'ಸಾರ್ವಜನಿಕ ಕಟ್ಟಡ' ಎಂದರೆ ಸರ್ಕಾರದ್ದು ಮಾತ್ರವಲ್ಲ, ಜನರು ಬಂದುಹೋಗುವ ಖಾಸಗಿ ಕಟ್ಟಡವೂ ಸೇರಿತು. ಹಳೆಯ ಕಟ್ಟಡಗಳನ್ನು ಸರಿಪಡಿಸಲು ನಿಯಮಗಳು ಹೊರಟಂದಿನಿಂದ 5 ವರ್ಷ ಅವಧಿ ಕೊಟ್ಟಿದ್ದರು. ನಿಯಮಗಳು ಹೊರಟದ್ದು 2017ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ. ಆ ನಿಯಮಗಳು ಬರಿಯ ಸಲಹೆಯಂತಿದ್ದರೆ ಸಾಲದು, ಕಡ್ಡಾಯದ ಅಳತೆಗಳನ್ನು ಗೊತ್ತುಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರಕ್ಕೆ ಆಜ್ಞೆ ಮಾಡಿತು.

ಇನ್ನು ನಮ್ಮ ಕೈಲಾಗುವ ಕೆಲಸ. ಸಹಾಯ ಮಾಡುವ ಮೊದಲು ಕೇಳಬೇಕು. ಕೇಳದೆ ಹಿಂದಿನಿಂದ ಬಂದು ಕುರ್ಚಿ ತಳ್ಳುವುದೆಂದರೆ, ದಾರಿಯಲ್ಲಿ ಹೋಗುವವನ ರಟ್ಟೆ ಹಿಡಿದು ಎಳೆದಂತೆಯೇ. ಕುರ್ಚಿಗೆ ಒರಗಿ ನಿಲ್ಲುವುದು, ಚೀಲ ತೂಗುಹಾಕುವುದು ಸಲ್ಲದು. ಮಾತನ್ನು ಕುಳಿತವನೊಡನೆಯೇ ಆಡಬೇಕು. ಬಹಳ ಹೊತ್ತಿನ ಮಾತಾದರೆ ತಾವೂ ಕುಳಿತುಕೊಂಡರೆ ಅವನ ಕತ್ತು ನೋಯುವುದಿಲ್ಲ. ಫುಟ್‌ಪಾಥ್ ಹತ್ತಿಸುವಾಗ ಕುರ್ಚಿಯನ್ನು ತುಸು ಹಿಂದಕ್ಕೆ ವಾಲಿಸಿ ಮುಂದಿನ ಸಣ್ಣ ಗಾಲಿಗಳನ್ನು ಮೇಲಿಟ್ಟು ಆಮೇಲೆ ತಳ್ಳಬೇಕು. ಇಳಿಸುವಾಗ ಕುರ್ಚಿಯನ್ನು ಹಿಂದುಮುಂದು ಮಾಡಿ ದೊಡ್ಡ ಗಾಲಿಗಳನ್ನು ಮೊದಲು ಇಳಿಸಬೇಕು. ಮುಂದುಗಡೆಯಿಂದ ಇಳಿಸಿದರೆ ಕುಳಿತವನು ಮುಗ್ಗರಿಸಿ ಬೀಳುತ್ತಾನೆ. ಎತ್ತುವ ಪ್ರಸಂಗ ಬಂದರೆ ಕೈಯಾಸರೆಯನ್ನಾಗಲಿ ಕಾಲುಹಲಗೆಯನ್ನಾಗಲಿ ಹಿಡಿಯಬಾರದು, ಅನೇಕ ಕುರ್ಚಿಗಳಲ್ಲಿ ಅವು ಕಳಚಿ ಬರುತ್ತವೆ. ಗಟ್ಟಿ ಚೌಕಟ್ಟನ್ನೇ ಹಿಡಿಯಬೇಕು. ಎಲ್ಲಿ ಹಿಡಿಯಬೇಕೆಂದು ಕುಳಿತವನನ್ನೇ ಕೇಳಿದರೆ ಇನ್ನೂ ಒಳ್ಳೆಯದು. ಅವನಷ್ಟು ಬಲ್ಲವರು ಬೇರೆ ಯಾರು? ಲೋಕಲ್ ಗಾಡಿಯಲ್ಲಿ ಅಂಗವಿಕಲರಿಗೆಂದು ಬೇರೆ ಡಬ್ಬಿಯಿದೆ. ಜನಜಂಗುಳಿಯ ಹೊತ್ತಿನಲ್ಲಿ ಅದರೊಳಗೆ ನುಗ್ಗುವ ಗಟ್ಟಿಮುಟ್ಟಾದವರನ್ನು ನಾವೆಲ್ಲರೂ ಕಂಡಿದ್ದೇವೆ.

ಕೊನೆಗೆ ನಮ್ಮ ವಾಚನಾಲಯದ ಮಾತು. ಕಾಯಿದೆಯ ಅರ್ಥದಲ್ಲಿ ಇದೂ ಸಾರ್ವಜನಿಕ ಕಟ್ಟಡವೇ. ಬಾಗಿಲಲ್ಲಿ ಮೂರು ಮೆಟ್ಟಿಲು, ಒಂದೊಂದು 6 ಅಂಗುಲ, ಒಟ್ಟು 18 ಅಂಗುಲ ಎತ್ತರ. ಇಳಿಜಾರಿಗೆ ರೂಢಿಯ ಅಳತೆಯೆಂದರೆ, ಒಂದು ಅಂಗುಲ ಎತ್ತರಕ್ಕೆ ಕಡಿಮೆಯೆಂದರೂ 12 ಅಂಗುಲ ಉದ್ದ. ಹಾಗಾದರೆ ನಮಗೆ ಬೇಕಾದದ್ದು 18 ಅಡಿ. ನೇರವಾಗಿ ಕಟ್ಟಿದರೆ ಅಂಗಳ ದಾಟಿ ಬೀದಿಗೆ ಹೋಗುತ್ತದೆ. ಗೋಡೆಯ ಗುಂಟ ಕಟ್ಟಿದರೆ ಗೋಡೆ 24 ಅಡಿಯಿದೆ. 18 ಅಡಿ ಇಳಿಜಾರು, ಬಾಗಿಲ ಮುಂದೆ ಕುರ್ಚಿ ತಿರುಗಲು 5 ಅಡಿ ಸಮತಟ್ಟು, ಇನ್ನೂ ಒಂದಡಿ ಉಳಿಯಿತು. ಅಗಲ 4 ಅಡಿ, ಬದಿಗೆ ಹಿಡಿಕೆ. ಸೈಕಲ್ಲುಗಳನ್ನು ಆಚೆ ಗೋಡೆಗೆ ನಿಲ್ಲಿಸಬೇಕಾದೀತು, ಅಷ್ಟೆ. ಗವಂಡಿಯ ಅಂದಾಜು ಪಟ್ಟಿಯನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಇಡಲಾಗುವುದು. ಬಾಗಿಲಿನ ಜೋಡಿ ಕದಗಳಲ್ಲಿ ಎಡದ್ದು ಸದಾ ಅಗುಳಿ ಹಾಕಿರುತ್ತಿತ್ತು. ಅದಕ್ಕೆ ಎಣ್ಣೆ ಬಿಡಿಸಿ ತೆರೆದಿಡಲು ಶುರುಮಾಡಿದ್ದೇವೆ. ಪತ್ರಿಕೆಯ ಮೇಜುಗಳಲ್ಲಿ ಒಂದರ ಕೆಳಗಿನ ಅಡ್ಡಪಟ್ಟಿಯನ್ನು ಬಡಗಿಯಿಂದ ತೆಗೆಸಬೇಕು. ಮೊಣಕಾಲು ಒಳಗೆ ಹೋಗಲು 27 ಅಂಗುಲ ಎತ್ತರ ಬೇಕು. ನಮ್ಮ ಮೇಜಿನಡಿಯಲ್ಲಿ 28 ಇದೆ.