ಸೂಕ್ಷ್ಮತರಂಗಗಳೂ ಒಬ್ಬ ಮಹಿಳಾ ಇಂಜಿನಿಯರೂ

ಆಟಿ ತಿಂಗಳಲ್ಲಿ ಬೆಳ್ತಂಗಡಿಯ ಕಡೆ ಮಳೆ ಹಿಡಿಯಿತೆಂದರೆ ಎದುರಿಗಿರುವ ಗಡಾಯಿಕಲ್ಲೂ ಕಣ್ಣಿಗೆ ಕಾಣಿಸದು. ಆ ಹೊತ್ತಿನಲ್ಲಿ ಮನೆಯೊಳಗಿನ ಟೆಲಿವಿಷನ್ನಿನ ಚಿತ್ರವೂ ಚೌಕ ಚೌಕವಾಗಿ ಒಡೆದು ಕೊನೆಗೆ ನಿಂತೇ ಹೋಗುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಮಾಡಿನ ಮೇಲಿರುವ ಬೋಗುಣಿಯಂಥ ಆಂಟೆನಾ ಕೆಟ್ಟಿತೆಂದು ಕೊಡೆ ಹಿಡಿದು ಮೇಲೆ ಹತ್ತುವವರೂ ಉಂಟು. ಆದರೆ ಕೆಟ್ಟಿರುವುದು ಆಂಟೆನಾ ಅಲ್ಲ. ಉಪಗ್ರಹದಿಂದ ಬರುವ ಅಲೆಗಳ ತರಂಗದೂರ ಸುಮಾರು ಎರಡೂವರೆ ಸೆಂಟಿಮೀಟರು. ಮಳೆಹನಿಯ ಗಾತ್ರ ಕೆಲವು ಮಿಲಿಮೀಟರು. ಎರಡೂ ಹೆಚ್ಚುಕಡಮೆ ಒಂದೇ ಅಂತಸ್ತಿನವಾದುದರಿಂದ ಹನಿಗಳು ಅಲೆಯನ್ನು ಹೀರಿಕೊಳ್ಳುತ್ತವೆ, ಚೆದರಿಸುತ್ತವೆ. ಮಧ್ಯಮ ತರಂಗದ ರೇಡಿಯೋ ಅಲೆಗಳಾದರೋ ಕೆಲವು ನೂರು ಮೀಟರು ಉದ್ದದವು; ಅವಕ್ಕೆ ಹನಿಯ ಪರಿವೆಯೇ ಇಲ್ಲ.

ಇಷ್ಟು ಗಿಡ್ಡವಾದ ರೇಡಿಯೋ ಅಲೆಗಳಿಗೆ ಸೂಕ್ಷ್ಮತರಂಗಗಳೆಂದು ಹೆಸರು. 1890ರ ದಶಕದಲ್ಲಿಯೇ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇವನ್ನು ಹುಟ್ಟಿಸಿ ಲೋಹದ ನಾಳಗಳ ಮೂಲಕ ಹಾಯಿಸಿ ತೋರಿಸಿದ್ದರು. ಎರಡನೆಯ ಮಹಾಯುದ್ಧದಲ್ಲಿ ರೇಡಾರಿನ ಕಾರಣದಿಂದ ಇವುಗಳ ವಿದ್ಯೆ ಹಠಾತ್ತಾಗಿ ಬೆಳೆಯಿತು. ಯುದ್ಧದ ಬಳಿಕ ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಕಲಿಸಿ ನೆಲೆಗೊಳಿಸಿದವರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಮಹಿಳೆಯೂ ಇದ್ದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರೆಂದು ಹೆಸರಾದ ರಾಜೇಶ್ವರಿ ಚಟರ್ಜಿಯವರ ವಿಷಯವನ್ನೇ ಇಲ್ಲಿ ಹೇಳಹೊರಟಿದ್ದೇವೆ.

ಅದಕ್ಕೆ ಮೊದಲು, ಆ ಕಾಲದಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳು ಇಂಜಿನಿಯರಾಗಬೇಕೆಂದು ಬಯಸಿದ್ದರೆ ಏನಾಗುತ್ತಿತ್ತೆಂಬುದನ್ನು ಯೋಚಿಸೋಣ. 1956ರ ವರೆಗೆ ದಕ್ಷಿಣ ಕನ್ನಡವು ಮದರಾಸಿನ ಆಡಳಿತಕ್ಕೆ ಸೇರಿತ್ತು. ಬಂಟ್ವಾಳದವಳಾಗಲಿ ಮೂಡಬಿದಿರೆಯವಳಾಗಲಿ ಮಂಗಳೂರಿಗೆ ಬಂದು, ರೈಲು ಹತ್ತಿ, ಒಂದು ಕಡಲಿನ ತೀರದಿಂದ ಇನ್ನೊಂದು ಕಡಲಿನ ತೀರಕ್ಕೆ ಹೋಗಿ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನ ಬಾಗಿಲು ತಟ್ಟಬೇಕಾಗಿತ್ತು. ಆ ಬಾಗಿಲು ಹೆಂಗಸರಿಗೆ ತೆರೆದದ್ದೇ 1940ರಲ್ಲಿ. ಹದಿನೆಂಟನೆಯ ವಯಸ್ಸಿನಲ್ಲಿ ವಿಧವೆಯಾಗಿ, ಕೈಯಲ್ಲೊಂದು ಹಸುಗೂಸಿದ್ದ ಎ. ಲಲಿತಾ ಎಂಬವರು ಅಲ್ಲಿ ಓದಿ 1943ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಾದರು. ಅವರ ತಂದೆ ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದುದು ಅನುಕೂಲವಾಯಿತು. ಅದೇ ಕಾಲದಲ್ಲಿ ಪಿ. ಕೆ. ತ್ರೇಸ್ಯಾ, ಲೀಲಮ್ಮ ಜಾರ್ಜ್ ಎಂಬಿಬ್ಬರು ಅಲ್ಲಿಯೇ ಸಿವಿಲ್ ವಿಭಾಗದಲ್ಲಿ ಓದಿದರು. ಕಾಲೇಜಿನ ಪ್ರಮಾಣಪತ್ರದಲ್ಲಿ ‘ಅವನು’ ಎಂಬರ್ಥದ ಇಂಗ್ಲಿಷ್ ಪದ ಮೊದಲೇ ಅಚ್ಚಾಗಿತ್ತಂತೆ. ಅದನ್ನು ಹೊಡೆದು ‘ಅವಳು’ ಎಂದು ತಿದ್ದಿ ಇವರಿಗೆ ಕೊಟ್ಟರಂತೆ. ಅಚ್ಚುಮೊಳೆ ಜೋಡಿಸಿದವನಿಗೆ ಇಂಥ ದಿನ ಬಂದೀತೆಂಬ ಸಂಶಯವೇ ಬಂದಿರಲಿಲ್ಲ!

ಮೈಸೂರು ಸಂಸ್ಥಾನದಲ್ಲಿ ರಾಜೇಶ್ವರಿಯವರು ಹಿಡಿದ ದಾರಿ ಬೇರೆ. ಅವರು ಹುಟ್ಟಿದ್ದು 1922ರ ಜನವರಿ 24ರಂದು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು; ವಿಧವೆಯರ ಮತ್ತು ಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಮೊಮ್ಮಗಳು ಓದಿದ್ದು ಬೆಂಗಳೂರಿನ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ. ಚರಿತ್ರೆಯನ್ನು ಓದೋಣವೆಂದು ಒಮ್ಮೆ ಮನಸ್ಸು ಮಾಡಿ, ಕೊನೆಗೆ ಗಣಿತ ಮತ್ತು ಭೌತವಿಜ್ಞಾನಗಳ ಕಡೆಗೆ ತಿರುಗಿ, ಸೆಂಟ್ರಲ್ ಕಾಲೇಜಿನಿಂದ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್ ಹಾಗೂ ಎಂ.ಎಸ್ಸಿ. ಪದವಿಗಳನ್ನು ಪ್ರಥಮ ಸ್ಥಾನದಲ್ಲಿ ಪಡೆದರು. ಅಂದರೆ ಅವರು ಇಂಜಿನಿಯರಿಂಗಿಗೆ ಬಂದದ್ದು ಗಣಿತದ ಹೆಬ್ಬಾಗಿಲಿನಿಂದ. ಬಿ.ಎಸ್ಸಿ. ತರಗತಿಯಲ್ಲಿ ಕುಳಿತು ‘ನಮಗೆ ಇಂಜಿನಿಯರಿಂಗ್ ತಪ್ಪಿತು’ ಎಂದು ನಿಟ್ಟುಸಿರು ಬಿಡುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

1943ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ವಿದ್ಯುತ್ ತಂತ್ರವಿದ್ಯಾ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದರು. ಇದು ಸರಾಗವಾಗಿ ನಡೆದಂತೆ ಕಾಣಬಹುದು. ಕೇವಲ ಹತ್ತು ವರ್ಷ ಹಿಂದೆ, 1933ರಲ್ಲಿ, ಜೀವರಸಾಯನ ಓದಬಯಸಿದ ಕಮಲಾ ಭಾಗವತರಿಗೆ (ಮುಂದೆ ಕಮಲಾ ಸೊಹೋನಿ) ಇದೇ ಸಂಸ್ಥೆಯಲ್ಲಿ ಮೊದಲು ಪ್ರವೇಶ ನಿರಾಕರಿಸಲಾಗಿತ್ತು. ಅವರು ಪಟ್ಟು ಹಿಡಿದ ಮೇಲೆ, ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಆಗ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ರಾಮನ್ನರ ವಿಜ್ಞಾನವನ್ನು ತಲೆಬಾಗಿ ಪಾಠ ಹೇಳುವ ನಮಗೆ ಇದನ್ನು ಬರೆಯುವುದು ಹಿತವೆನಿಸದು. ಆದರೂ ನಡೆದದ್ದು ಹಾಗೆ. ಒಬ್ಬಾಕೆ ಪಟ್ಟು ಹಿಡಿದದ್ದರಿಂದ ಇನ್ನೊಬ್ಬಾಕೆಯ ದಾರಿ ಎಷ್ಟು ಸವೆಯಿತೆಂಬುದಕ್ಕೆ ಯಾವ ಮಾಪಕವೂ ಇಲ್ಲ.

ಯುದ್ಧ ಮುಗಿದ ಮೇಲೆ ಭಾರತ ಸರ್ಕಾರ ಮೇಧಾವಿಗಳಾದ ತರುಣರನ್ನು ಹೊರದೇಶಗಳಿಗೆ ಕಳುಹಿಸಲು ವಿದ್ಯಾರ್ಥಿವೇತನಗಳನ್ನು ಏರ್ಪಡಿಸಿತು. 1946ರಲ್ಲಿ ಎಲೆಕ್ಟ್ರಾನಿಕ್ಸ್ ವಿಷಯಕ್ಕಾಗಿ ರಾಜೇಶ್ವರಿಯವರು ಆಯ್ಕೆಯಾದರು. ಮರುವರ್ಷ ಹಡಗಿನಲ್ಲಿ ಅಮೆರಿಕಕ್ಕೆ ಪಯಣಿಸಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗಿನ ಸ್ನಾತಕೋತ್ತರ ಪದವಿ ಪಡೆದರು. ಬಳಿಕ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯ ರೇಡಿಯೋ ಆವೃತ್ತಿ ಮಾಪನ ವಿಭಾಗದಲ್ಲಿ ಎಂಟು ತಿಂಗಳು ತರಬೇತಿ. ನಮ್ಮ ದೃಷ್ಟಿಯಲ್ಲಿ ಇಡೀ ಕಥೆಯ ತಿರುಳು ಈ ಎಂಟು ತಿಂಗಳು. ಏಕೆಂದರೆ ಸೂಕ್ಷ್ಮತರಂಗಗಳ ಇಂಜಿನಿಯರಿಂಗಿನಲ್ಲಿ ಸಮೀಕರಣವನ್ನು ಬಿಡಿಸಿದರಷ್ಟೇ ಸಾಲದು; ಅಲೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಷ್ಟು ಹಿಂದಕ್ಕೆ ಹೊರಳುತ್ತದೆ ಎಂಬುದನ್ನು ಕೈಯಿಂದಲೇ ಹುಡುಕಿ ಅಳೆಯಬೇಕು. ಅನಂತರ ಏಷ್ಯದ ಮಹಿಳೆಯರಿಗಾಗಿಯೇ ಮಿಷಿಗನ್ನಿನಲ್ಲಿ ಮೀಸಲಿದ್ದ ಬಾರ್ಬರ್ ವೇತನ ದೊರೆಯಿತು. ಎರಡು ದಶಕಗಳ ಹಿಂದೆ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳರು ಅಲ್ಲಿಗೆ ಹೋದದ್ದೂ ಇದೇ ವೇತನದ ಬಲದಿಂದ. ಪ್ರೊಫೆಸರ್ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ 1953ರಲ್ಲಿ ಡಾಕ್ಟರೇಟು ಪಡೆದು ರಾಜೇಶ್ವರಿಯವರು ತಾಯ್ನಾಡಿಗೆ ಮರಳಿದರು.

ಅದೇ ವರ್ಷ ವಿಜ್ಞಾನ ಮಂದಿರದ ವಿದ್ಯುತ್ ಸಂಪರ್ಕ ಇಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದರು. ವಿಭಾಗದಲ್ಲಿ ಅವರೊಬ್ಬರೇ ಮಹಿಳೆ. ಅಲ್ಲಿಯೇ ಅಧ್ಯಾಪಕರಾಗಿದ್ದ ಶಿಶಿರಕುಮಾರ ಚಟರ್ಜಿಯವರನ್ನು ಮದುವೆಯಾದರು. ಪತಿಪತ್ನಿಯರು ಕೂಡಿ ಸೂಕ್ಷ್ಮತರಂಗಗಳ ಸಂಶೋಧನೆಯನ್ನು ಕಟ್ಟಿ ಬೆಳೆಸಿದರು. ರಾಜೇಶ್ವರಿಯವರು ಮುಂದೆ ವಿಭಾಗದ ಮುಖ್ಯಸ್ಥೆಯೂ ಆದರು. ಸುಮಾರು 20 ಮಂದಿ ಇವರ ಕೈಕೆಳಗೆ ಡಾಕ್ಟರೇಟು ಪಡೆದರು. ನೂರಕ್ಕೂ ಮಿಕ್ಕಿ ಪ್ರಬಂಧಗಳು, ಏಳು ಪುಸ್ತಕಗಳು ಹೊರಬಂದುವು. 1982ರಲ್ಲಿ ನಿವೃತ್ತರಾದ ಬಳಿಕ ಮಹಿಳಾ ಅಧ್ಯಯನದ ಕೆಲಸದಲ್ಲಿ ತೊಡಗಿದ್ದು, 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು.

ಅವರು ಪುಸ್ತಕ ಬರೆದಿರುವ ವಿಷಯಗಳಲ್ಲಿ ಒಂದು ಅವಾಹಕ ವಸ್ತುಗಳಿಂದ ಮಾಡಿದ ಆಂಟೆನಾ. ಲೋಹದ ನಾಳದ ಬಾಯಿಗೆ ಒಂದು ಗೇಣುದ್ದದ ಪಾಲಿಸ್ಟೈರೀನ್ ಕಡ್ಡಿಯನ್ನು ಸಿಕ್ಕಿಸಿದರೆ ಸೂಕ್ಷ್ಮತರಂಗ ಕಡ್ಡಿಯ ಗುಂಟ ಸಾಗುತ್ತದೆ. ಸಂಪೂರ್ಣ ಆಂತರಿಕ ಪ್ರತಿಫಲನವನ್ನು ಓದಿದವರಿಗೆ ಇದು ಅಪರಿಚಿತವಲ್ಲ. ವಿಶೇಷವೆಂದರೆ ಅಲೆಯ ಶಕ್ತಿಯೆಲ್ಲ ಕಡ್ಡಿಯೊಳಗೆ ಇರುವುದಿಲ್ಲ. ಒಂದಂಶ ಹೊರಮೈಗೆ ಅಂಟಿಕೊಂಡು ಬರುತ್ತದೆ. ಕಡ್ಡಿ ತೆಳ್ಳಗಾದಷ್ಟೂ ಈ ಹೊರಗಿನ ಅಂಶ ಹೆಚ್ಚು. ಆದುದರಿಂದ ಕಡ್ಡಿಯನ್ನು ತುದಿಯ ಕಡೆಗೆ ಸಣ್ಣಗೆ ಮಾಡುತ್ತ ಹೋದರೆ ಅಲೆ ಮೆಲ್ಲಮೆಲ್ಲನೆ ಹಿಡಿತದಿಂದ ಬಿಡಿಸಿಕೊಂಡು ಕಡ್ಡಿ ತೋರಿಸುವ ದಿಕ್ಕಿಗೇ ಹೊರಟುಹೋಗುತ್ತದೆ. ಎಷ್ಟು ಉದ್ದ, ಎಷ್ಟು ದಪ್ಪ, ಯಾವ ವಸ್ತು ಎಂಬುದನ್ನು ಲೆಕ್ಕಮಾಡಿ, ಮಾಡಿಸಿ, ಅಳೆದು, ಲೆಕ್ಕಕ್ಕೂ ಅಳತೆಗೂ ಹೊಂದಿಕೆ ಇದೆಯೇ ಎಂದು ನೋಡುವುದೇ ಇಂಜಿನಿಯರನ ಕೆಲಸ. ಇದರಲ್ಲಿ ತೋಳ್ಬಲದ ಮಾತೆಲ್ಲಿ ಬಂತು?

ಈಗ ನಮ್ಮ ಊರಿಗೆ ಬರೋಣ. 1960ರಲ್ಲಿ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 2001ರಿಂದೀಚೆಗೆ ಬಂಟ್ವಾಳ ತಾಲೂಕಿನ ಬೆಂಜನಪದವು, ಬೆಳ್ತಂಗಡಿ ತಾಲೂಕಿನ ಉಜಿರೆ, ಮೂಡಬಿದಿರೆಯ ಬಳಿಯ ಮಿಜಾರು ಇಲ್ಲೆಲ್ಲ ಕಾಲೇಜುಗಳು ಎದ್ದುವು. ಗಿಂಡಿಗೆ ಹೋಗಬೇಕಾಗಿದ್ದ ದಾರಿ ಬಸ್ಸಿನ ದಾರಿಯಾಯಿತು. ಬಾಗಿಲು ತೆರೆಯಿತು, ನಿಜ. ಬಾಗಿಲ ಒಳಗೆ ಏನಾಗುತ್ತದೆ ಎಂಬುದರಲ್ಲಿ ನಮ್ಮ ತಪ್ಪೂ ಇದೆ. ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಪ್ರಯೋಗಶಾಲೆಯಲ್ಲಿ ನಾಲ್ವರು ವಿದ್ಯಾರ್ಥಿಗಳ ಗುಂಪು ಮಾಡಿದರೆ ಹುಡುಗರು ಉಪಕರಣದ ತಿರುಪು ತಿರುಗಿಸುತ್ತಾರೆ, ಹುಡುಗಿಯರು ಓದಿಕೆಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಯಾರೂ ಹೀಗೆ ಮಾಡಿರೆಂದು ಹೇಳಿದ್ದಲ್ಲ. ‘ಅವರ ಅಕ್ಷರ ಚೆಂದ’ ಎಂಬುದು ಸಮಜಾಯಿಷಿ. ಹಲವು ವರ್ಷ ನಾವೂ ಇದನ್ನು ನೋಡಿ ಸುಮ್ಮನಿದ್ದೆವು. ಅಂದವಾದ ಪುಸ್ತಕಗಳನ್ನು ಕಂಡು ಸಂತೋಷಪಟ್ಟದ್ದೂ ಉಂಟು. ಮೂರು ವರ್ಷ ಪ್ರಯೋಗಶಾಲೆಯಲ್ಲಿ ಕಳೆದೂ ಕೈಯಲ್ಲಿ ಅಳತೆಯ ಹದ ಮೂಡದೆ ಹೊರಬಿದ್ದ ವಿದ್ಯಾರ್ಥಿನಿಯರ ಲೆಕ್ಕ ನಮ್ಮ ಹೆಸರಿನಲ್ಲಿದೆ.

ಕೆಲವು ಕಾಲದ ಹಿಂದೆ ನಮ್ಮ ತರಗತಿಯನ್ನು ಹತ್ತಿರದ ಇಂಜಿನಿಯರಿಂಗ್ ಕಾಲೇಜೊಂದರ ಸೂಕ್ಷ್ಮತರಂಗ ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿದ್ದೆವು. ಆ ದಿನ ಕೆಲಸವನ್ನು ಅದಲುಬದಲು ಮಾಡಿದೆವು. ಮೇಜಿನ ಮೇಲೆ ಆಯಾಕಾರದ ಹಿತ್ತಾಳೆಯ ನಾಳ. ಒಂದು ಕೊನೆಯಲ್ಲಿ ಕ್ಲೈಸ್ಟ್ರಾನ್ ಅಲೆ ಹುಟ್ಟಿಸುತ್ತದೆ, ಇನ್ನೊಂದು ಕೊನೆಯನ್ನು ಲೋಹದ ತಗಡಿನಿಂದ ಮುಚ್ಚಿದೆ. ಹೋದ ಅಲೆಯೂ ಮರಳಿದ ಅಲೆಯೂ ಕೂಡಿ ಸ್ಥಾಯೀ ತರಂಗವಾಗುತ್ತದೆ. ನಾಳದ ಮೇಲ್ಗಡೆಯ ಸೀಳಿನಲ್ಲಿ ಸಣ್ಣದೊಂದು ಸೂಜಿಯನ್ನು ಸರಿಸುತ್ತ ಹೋದರೆ ಮಾಪಕದ ಮುಳ್ಳು ಏರುತ್ತದೆ, ಇಳಿಯುತ್ತದೆ. ತೀರ ಇಳಿದ ಎರಡು ನೆರೆಯ ಸ್ಥಾನಗಳ ನಡುವಣ ಅಂತರ ತರಂಗದೂರದ ಅರ್ಧ. ಆವೃತ್ತಿಮಾಪಕ ಸೆಕೆಂಡಿಗೆ 937.5 ಕೋಟಿ ಆವರ್ತಗಳನ್ನು ತೋರಿಸುತ್ತಿತ್ತು. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ತರಂಗದೂರ 3.2 ಸೆಂಟಿಮೀಟರು, ಅರ್ಧ 1.6.

ಸೂಜಿ ಸರಿಸುತ್ತಿದ್ದ ಹುಡುಗಿ ಓದಿದಳು: 6.52, 8.76, 11.00. ಅಂತರ 2.24. ಪುಸ್ತಕ ಹಿಡಿದಿದ್ದ ಹುಡುಗ, “1.6 ಬರಬೇಕು, ನಿನಗೆ ವರ್ನಿಯರ್ ನೋಡಲು ಗೊತ್ತಿಲ್ಲ” ಎಂದ. ಇನ್ನೊಬ್ಬ ಹೇಗೂ ಉತ್ತರ ತಿಳಿದಿದೆಯಲ್ಲ, 1.6 ಎಂದೇ ಬರೆದುಬಿಡೋಣವೆಂದ. ಆಕೆ ನಮ್ಮ ಕಡೆ ತಿರುಗಿ, “ಮೂರು ಸಲ ನೋಡಿದೆ ಸರ್, ಅದೇ ಬರ್ತದೆ” ಎಂದಳು.

ಬರಬೇಕಾದದ್ದೇ ಅದು. ನಾಳದೊಳಗೆ ಅಲೆ ನೇರವಾಗಿ ಹೋಗದೆ ಗೋಡೆಯಿಂದ ಗೋಡೆಗೆ ಓರೆಯಾಗಿ ಪುಟಿಯುತ್ತ ಸಾಗುತ್ತದೆ. ಪಾಣೆಮಂಗಳೂರಿನ ಬಳಿ ನೇತ್ರಾವತಿಯಲ್ಲಿ ದೋಣಿ ಎಬ್ಬಿಸಿದ ಅಲೆಗಳು ದಂಡೆಗೆ ಓರೆಯಾಗಿ ಬಡಿಯುವುದನ್ನು ನೋಡಿ. ದಂಡೆಯ ಗುಂಟ ಅಳೆದರೆ ಒಂದು ನೆತ್ತಿಗೂ ಮುಂದಿನ ನೆತ್ತಿಗೂ ಇರುವ ದೂರ ನಿಜವಾದ ತರಂಗದೂರಕ್ಕಿಂತ ಹೆಚ್ಚು. ನಾಳದಲ್ಲಿಯೂ ಹಾಗೆಯೇ. ನಾಳದ ಅಗಲ 2.286 ಸೆಂಟಿಮೀಟರು, ಅದರ ಇಮ್ಮಡಿ 4.572. ನಾಳದೊಳಗಿನ ತರಂಗದೂರದ ವರ್ಗದ ವಿಲೋಮಕ್ಕೆ ಈ ಇಮ್ಮಡಿಯ ವರ್ಗದ ವಿಲೋಮವನ್ನು ಕೂಡಿಸಿದರೆ ಬಯಲಿನ ತರಂಗದೂರದ ವರ್ಗದ ವಿಲೋಮ ಬರುತ್ತದೆ. ಆಕೆಯ ಅಳತೆಯಂತೆ ನಾಳದೊಳಗಿನ ತರಂಗದೂರ 4.48. ಲೆಕ್ಕ ಹಾಕಿ ನೋಡಿ: ಸರಿಯಾಗಿ 3.2 ದೊರೆಯುತ್ತದೆ. 1.6 ಎಂದು ಬರೆದಿದ್ದರೆ ಅಂದಿನ ಪಾಠವೇ ಅಳಿಸಿಹೋಗುತ್ತಿತ್ತು.

ಅಷ್ಟಕ್ಕೆ ಮುಗಿಯಲಿಲ್ಲ. 4.48 ಸೆಂಟಿಮೀಟರನ್ನು ಆವೃತ್ತಿಯಿಂದ ಗುಣಿಸಿದರೆ ವೇಗ ಸೆಕೆಂಡಿಗೆ 42 ಕೋಟಿ ಮೀಟರು; ಬೆಳಕಿನದು 30 ಕೋಟಿ ಮಾತ್ರ, ಇದು ಹೇಗೆ ಎಂದು ಅದೇ ಹುಡುಗಿ ಕೇಳಿದಳು. ದಂಡೆಯ ಗುಂಟ ಓಡುವುದು ನೆತ್ತಿ ಬಡಿಯುವ ಬಿಂದು. ನೀರೂ ಅಲ್ಲ, ಶಕ್ತಿಯೂ ಅಲ್ಲ. ನಾಳದಲ್ಲಿ ಶಕ್ತಿ ಸಾಗುವ ವೇಗ ಸುಮಾರು 21 ಕೋಟಿ ಮೀಟರು. ಎರಡು ವೇಗಗಳ ಗುಣಲಬ್ಧ ಬೆಳಕಿನ ವೇಗದ ವರ್ಗಕ್ಕೆ ಸಮ. ಇದನ್ನು ಕಪ್ಪುಹಲಗೆಯ ಮೇಲೆ ಸಾಧಿಸುವಷ್ಟರಲ್ಲಿ ಸಂಜೆಯಾಗಿ ಬಿ.ಸಿ. ರೋಡಿನ ಬಸ್ಸು ತಪ್ಪಿತು.

ಮರುವಾರ ಆ ಗುಂಪಿನ ದಾಖಲೆ ಪುಸ್ತಕ ನಮ್ಮ ಮೇಜಿಗೆ ಬಂತು. ಈ ಸಲ ಬರೆದವನು ಹುಡುಗ. ಕೋಷ್ಟಕದ ಗೆರೆಗಳು ಸೊಟ್ಟಗಿದ್ದುವು, 2.24 ಎಂಬುದನ್ನು ಓದಲು ಕನ್ನಡಕ ಹಾಕಿಕೊಳ್ಳಬೇಕಾಯಿತು. ಪೂರ್ಣಾಂಕ ಕೊಟ್ಟೆವು.